ಕೃಷ್ಣೆ-ಘಟಪ್ರಭೆಯರ ನಡುವೆ ಇಂಟರ್‌ನೆಟ್ಟಿನ ಪಾಠ

ಬಾಗಲಕೋಟೆ ಜಿಲ್ಲೆಯ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಿ. ಮೇಲೊಂದು ನೀಲಿ ಗೆರೆ ಕೃಷ್ಣೆ, ಕೆಳಗೊಂದು ನೀಲಿ ಗೆರೆ ಘಟಪ್ರಭೆ. ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತ ಬಂದ ಇವೆರಡೂ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಕೂಡುವ ಮೊದಲು ಎರಡರ ನಡುವೆ ಉಳಿದ ನೆಲದಲ್ಲಿ ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ನೇಕಾರರ ರಬಕವಿ-ಬನಹಟ್ಟಿ, ಹಿನ್ನೀರಿನ ಬೀಳಗಿ ಇವೆ. ಕಪ್ಪು ನೆಲ, ಕಬ್ಬು, ಸಕ್ಕರೆ ಕಾರ್ಖಾನೆಗಳ ಚಿಮಣಿ, ಹಂಗಾಮು ಬಂತೆಂದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಪ್ರವಾಸಿಗರು ಬಾದಾಮಿ, ಐಹೊಳೆ, ಕೂಡಲಸಂಗಮ ನೋಡಿಕೊಂಡು ಹಿಂದಿರುಗುತ್ತಾರೆ. ಈ ಕಡೆಗೆ ಹೊರಳುವವರು ಕಡಿಮೆ.

ಈ ಊರುಗಳಲ್ಲಿ ಬಸ್ ನಿಲ್ದಾಣದಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಒಂದು ನೆಟ್ ಅಂಗಡಿ ಸಿಗುತ್ತದೆ. ಜೆರಾಕ್ಸ್, ಲ್ಯಾಮಿನೇಶನ್, ಪಹಣಿ ಪತ್ರಿಕೆ, ಪರೀಕ್ಷೆಯ ಅರ್ಜಿ ಎಲ್ಲದರ ಜೊತೆಗೆ ಅಲ್ಲಿ ಶಾಲೆಯ ಪ್ರಾಜೆಕ್ಟೂ ಸಿಗುತ್ತದೆ. ವಿದ್ಯಾರ್ಥಿ ವಿಷಯದ ಹೆಸರು ಹೇಳುತ್ತಾನೆ, ಅಂಗಡಿಯವ ಹುಡುಕುತ್ತಾನೆ, ತಂದೆ ಹಣ ಕೊಡುತ್ತಾರೆ, ಯಂತ್ರ ಬಣ್ಣದ ಪುಟಗಳನ್ನು ಉಗುಳುತ್ತದೆ. ನಾಲ್ವರಲ್ಲಿ ಏನನ್ನೂ ಯೋಚಿಸಬೇಕಾಗದವನು ವಿದ್ಯಾರ್ಥಿಯೊಬ್ಬನೇ. ಹಾಗೆ ಬಂದ ಕಡತಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದು: ಮುಧೋಳದ ಹುಡುಗ ಬರೆದ ‘ಜಲಮಾಲಿನ್ಯ’ದಲ್ಲಿ ಯಮುನೆಯ ನೊರೆ ಇರುತ್ತದೆ, ಘಟಪ್ರಭೆ ಇರುವುದಿಲ್ಲ. ಈಗಂತೂ ಅಂಗಡಿಗೂ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲಿಗೆ ಹೇಳಿದರೆ ಅದೇ ಪ್ರಬಂಧ ಬರೆದುಕೊಡುತ್ತದೆ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಜ್ ಎಂಬ ಪ್ರಾಧ್ಯಾಪಕರು ‘ವೆಬ್‌ಕ್ವೆಸ್ಟ್’ ಎಂಬ ಒಂದು ಪದ್ಧತಿಯನ್ನು ರೂಪಿಸಿದರು. ಅದರ ತಿರುಳು ಸರಳ. ಮಾಹಿತಿ ಎಲ್ಲಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ತೋರಿಸಿಬಿಡಿ. ಆ ಮಾಹಿತಿಯಿಂದ ಏನು ಮಾಡಬೇಕು ಎಂಬುದನ್ನು ಅವರಿಗೆ ಬಿಡಿ. ಬಿ.ಇಡಿ. ಓದಿದ ನಾವೆಲ್ಲ ಬ್ಲೂಮ್ ಎಂಬಾತ 1956ರಲ್ಲಿ ಮಾಡಿದ ಮೆಟ್ಟಿಲುಗಳನ್ನು ಬಲ್ಲೆವು: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. (ಬಾಯಿಪಾಠಕ್ಕಿಂತ ಆಲೋಚನೆ ಮೇಲು ಎನ್ನುವ ಈ ಪಟ್ಟಿಯನ್ನು ನಾವು ಕಲಿತದ್ದು ಬಾಯಿಪಾಠ ಮಾಡಿಯೇ!) ನೆಟ್ ಅಂಗಡಿಯ ಪ್ರಾಜೆಕ್ಟು ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ, ಏಕೆಂದರೆ ಅಚ್ಚಾದುದನ್ನು ವಿದ್ಯಾರ್ಥಿ ಓದಿಯೇ ಇರುವುದಿಲ್ಲ.

ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ವಿನ ಕಾಲದಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಿವೆ. ಕೆಲವು ಈಗಲೂ ನಡೆಯುತ್ತವೆ, ಕೆಲವು ಬಟ್ಟೆ ಹೊದ್ದು ಕುಳಿತಿವೆ. ಅದರ ಗೋಳು ಇಲ್ಲಿ ಬೇಡ. ರಜೆ ಸಿಕ್ಕಾಗಲೆಲ್ಲ ನಾನು ಈ ನಾಲ್ಕು ಊರುಗಳನ್ನು ಸುತ್ತುವುದು ಬೇರೊಂದು ಉದ್ದೇಶಕ್ಕೆ. ಪರದೆಯಲ್ಲಿ ಅರ್ಧ ಉತ್ತರ ಸಿಕ್ಕು, ಇನ್ನರ್ಧಕ್ಕೆ ಮಕ್ಕಳು ಎದ್ದು ಹೊರಗೆ ಹೋಗಲೇಬೇಕಾದ ಪ್ರಶ್ನೆ ಯಾವ ಊರಿನಲ್ಲಿ ಯಾವುದಿದೆ ಎಂದು ನೋಡಲು.

ಬನಹಟ್ಟಿಯಲ್ಲಿ ಅದನ್ನು ಕಿವಿಯೇ ಹುಡುಕಿಕೊಡುತ್ತದೆ. ಓಣಿಯೊಳಗೆ ಕಾಲಿಟ್ಟರೆ ವಿದ್ಯುತ್ ಮಗ್ಗಗಳ ಖಟಖಟ ಸದ್ದು. ಮಾತನಾಡಬೇಕೆಂದರೆ ದನಿ ಏರಿಸಬೇಕು. ರಬಕವಿ ಮತ್ತು ಬನಹಟ್ಟಿ ಈಗ ಒಂದೇ ಊರಿನಂತೆ ಬೆಸೆದುಕೊಂಡಿವೆ, ಆದರೆ ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿಗೆ, ಬನಹಟ್ಟಿ ಜಮಖಂಡಿಗೆ ಸೇರಿತ್ತು. ಹಾಸು-ಹೊಕ್ಕು, ಲಾಳಿ, ಕಂಡಿಕೆ ಇವು ಇಲ್ಲಿನ ಮಕ್ಕಳಿಗೆ ಪುಸ್ತಕದ ಪದಗಳಲ್ಲ. ಸೀರೆಯ ಅಂಚಿಗೆ ವಿನ್ಯಾಸ ತರುವ ಜಕಾರ್ಡ್ ಇರುವ ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟುಗಳ ಮಾಲೆ ತೂಗುತ್ತಿರುತ್ತದೆ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಜಕಾರ್ಡ್ ಈ ಯಂತ್ರವನ್ನು ರೂಪಿಸಿದ್ದು 1804ರಲ್ಲಿ. ಅದನ್ನು ನೋಡಿದ ಇಂಗ್ಲೆಂಡಿನ ಬ್ಯಾಬೇಜ್, ತನ್ನ ಲೆಕ್ಕದ ಯಂತ್ರಕ್ಕೂ ಇಂಥದೇ ರಟ್ಟು ಸಾಕೆಂದ. 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ಎಣಿಸಿದ್ದೂ ತೂತಿನ ರಟ್ಟುಗಳಿಂದಲೇ. ಹೌದು-ಇಲ್ಲ, ಒಂದು-ಸೊನ್ನೆ. ಇಂಟರ್‌ನೆಟ್ಟಿನ ಒಬ್ಬ ಅಜ್ಜ ನಮ್ಮ ನೇಕಾರರ ಮನೆಯ ಅಟ್ಟದ ಕೆಳಗೆ ಇದ್ದಾನೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇದೆಲ್ಲ ನೆಟ್ಟಿನಲ್ಲಿ ಸಿಗುವ ಕಥೆ. ಇಷ್ಟಕ್ಕೇ ನಿಂತರೆ ಮತ್ತೆ ಬಣ್ಣದ ಪುಟವೇ. ನಾನು ಕೇಳಿಸಿದ ಪ್ರಶ್ನೆ ಬೇರೆ. ಆನ್‌ಲೈನ್ ಅಂಗಡಿಗಳಲ್ಲಿ ‘ಕೈಮಗ್ಗದ ಹತ್ತಿ ಸೀರೆ’ ಎಂದು ಮಾರುವ ಹತ್ತು ಸೀರೆಗಳ ಬೆಲೆ ಬರೆದುಕೊಳ್ಳಿ. ಅವು ನಿಜವಾಗಿ ಕೈಮಗ್ಗದವೇ ಎಂದು ನಿರ್ಧರಿಸಲು ಆ ಪುಟದಲ್ಲಿ ಯಾವ ಆಧಾರವಿದೆ? ಕೈಮಗ್ಗಕ್ಕೇ ಮೀಸಲಾದ ವಸ್ತುಗಳ ಕಾಯಿದೆ ಬಂದದ್ದು 1985ರಲ್ಲಿ. ಮೊದಲು 22 ಬಗೆಯ ಬಟ್ಟೆಗಳಿದ್ದ ಪಟ್ಟಿ ಈಗ 11ಕ್ಕೆ ಇಳಿದಿದೆ. ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತು 2006ರಲ್ಲಿ ಬಂತು. ಆ ಗುರುತು ಎಷ್ಟು ಸೀರೆಗಳ ಚಿತ್ರದಲ್ಲಿ ಕಾಣುತ್ತದೆ? ಕಾಣದಿದ್ದರೆ ಸುಳ್ಳು ಎನ್ನಬಹುದೇ? ಎನ್ನಲಾಗದು, ಗುರುತು ಪಡೆಯದ ನಿಜವಾದ ನೇಕಾರರೂ ಇದ್ದಾರೆ. ಕೊನೆಗೆ ಮಕ್ಕಳು ಭೂತಗನ್ನಡಿ ಹಿಡಿದು ಮನೆಯ ಬಟ್ಟೆಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಎಳೆ ಎಂದು ಎಣಿಸಿದರು, ದೊಡ್ಡವರನ್ನು ಕೇಳಿದರು. ನೇಕಾರರ ಮನೆಯ ಹುಡುಗಿಯೊಬ್ಬಳು ಪರದೆಯ ಮೇಲಿನ ಬೆಲೆಯನ್ನು ಒಂದು ಸಾಲಿನಲ್ಲಿ, ಅಪ್ಪನ ಕೈಗೆ ಬಂದ ಕೂಲಿಯನ್ನು ಅದರ ಪಕ್ಕದಲ್ಲಿ ಬರೆದು, ನಡುವಿನ ಅಂತರಕ್ಕೆ ‘ಇದು ಯಾರ್ಯಾರ ಪಾಲು?’ ಎಂದು ಶೀರ್ಷಿಕೆ ಕೊಟ್ಟಿದ್ದಳು. ನೂಲು, ಬಣ್ಣ, ಸಾಗಣೆ, ಅಂಗಡಿಯ ಬಾಡಿಗೆ ಎಂದು ಅವಳು ಒಂದೊಂದನ್ನೇ ಬಿಡಿಸುತ್ತ ಹೋದ ಆ ಪುಟಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ಅಂಕಿಗಳನ್ನು ಇಲ್ಲಿ ಬರೆಯಲಾರೆ, ಅದು ಒಂದು ಮನೆಯ ಮಾತು.

ಬನಹಟ್ಟಿಯಿಂದ ಪೂರ್ವಕ್ಕೆ ಹೊರಟರೆ ಜಮಖಂಡಿ. ರಾಮತೀರ್ಥದ ಗುಡ್ಡದ ಮೇಲೆ ಪಟವರ್ಧನ ಅರಸರ ಅರಮನೆ. ತತ್ತ್ವಜ್ಞಾನಿ ಗುರುದೇವ ರಾನಡೆ 1886ರಲ್ಲಿ ಹುಟ್ಟಿದ ಊರು. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದ ಸಂಗತಿ ನಾಡಿಗೆಲ್ಲ ಗೊತ್ತು. ಅದರ ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು, 1991ರಲ್ಲಿ ಲೋಕಸಭೆಗೂ ಕಳುಹಿಸಿದರು. ಆದರೆ ನಮ್ಮ ಪ್ರಯೋಗಕ್ಕೆ ಬೇಕಾದದ್ದು ಅರಮನೆಯೂ ಅಲ್ಲ, ಬ್ಯಾರೇಜೂ ಅಲ್ಲ. ಒಂದು ಮೀಟರ್ ಉದ್ದದ ಕೋಲು ಮತ್ತು ಬಿಸಿಲು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟಾಸ್ತನೀಸ್ ಎಂಬ ಗ್ರೀಕ್ ಪಂಡಿತ ಎರಡು ಊರುಗಳ ನೆರಳಿನಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಇಂದು ಜಗತ್ತಿನ ಎಷ್ಟೋ ಶಾಲೆಗಳು ಇದೇ ಅಳತೆಯನ್ನು ಮಾಡಿ ಇಂಟರ್‌ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಅಂಕಿ ಕಳುಹಿಸುತ್ತವೆ. ಹಗಲು-ರಾತ್ರಿ ಸಮನಾಗುವ ಮಾರ್ಚ್ 21ರ ಸುಮಾರಿಗೆ ಇದಕ್ಕೆ ಅನುಕೂಲ. ನಮ್ಮ ಹುಡುಗರು ಮೊದಲು ಹೂಡಿದ ಉಪಾಯ, ಜಮಖಂಡಿಯಲ್ಲೊಂದು ಕೋಲು, ಮುಧೋಳದಲ್ಲೊಂದು ಕೋಲು ನೆಡುವುದು. ಬೇಡವೆನ್ನಲಿಲ್ಲ. ಜಮಖಂಡಿ 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಲ್ಲಿ ನೆರಳು ಸುಮಾರು 29.6 ಸೆಂಟಿಮೀಟರ್ ಬರಬೇಕು. ಮುಧೋಳದಲ್ಲಿ 29.3. ವ್ಯತ್ಯಾಸ ಮೂರು ಮಿಲಿಮೀಟರ್. ನೆರಳಿನ ತುದಿಯನ್ನು ಬಗ್ಗಿ ನೋಡಿದವರಿಗೆ ಗೊತ್ತು, ಅದು ಗೆರೆ ಎಳೆದಂತೆ ಇರುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ತಟ್ಟೆ, ಹಾಗಾಗಿ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕು. ಒಂದು ಸೆಂಟಿಮೀಟರ್ ಮಸುಕಿನಲ್ಲಿ ಮೂರು ಮಿಲಿಮೀಟರನ್ನು ಹುಡುಕುವುದು ಹೇಗೆ? ಬನಹಟ್ಟಿಯೂ ಆಗದು, ಅದು ಹೆಚ್ಚುಕಡಿಮೆ ಜಮಖಂಡಿಯ ಅಕ್ಷಾಂಶದಲ್ಲೇ ಇದೆ; ಬೀಳಗಿ ಮುಧೋಳದ ಅಕ್ಷಾಂಶದಲ್ಲಿ. ‘ಹಂಗಾದ್ರ ದೂರದ ಊರು ಬೇಕಲ್ರಿ ಸರ್’ ಎಂದರು. ಇಂಟರ್‌ನೆಟ್ ಬೇಕಾದದ್ದು ಇಲ್ಲಿ, ಇದಕ್ಕೆ.

ದೆಹಲಿಯಲ್ಲಿ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಹಡಿಯ ಮೇಲೆ ಕೋಲು ನಿಲ್ಲಿಸಲು ಒಪ್ಪಿದ. ಇಬ್ಬರೂ ಗಡಿಯಾರದ ಹನ್ನೆರಡಕ್ಕೆ ಅಳೆದರೆ ತಪ್ಪಾಗುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಆ ದಿನ ಸೂರ್ಯ ನೆತ್ತಿಯ ಗೆರೆಗೆ ಬರುವುದು ದೆಹಲಿಯಲ್ಲಿ 12-29ರ ಹೊತ್ತಿಗೆ, ಜಮಖಂಡಿಯಲ್ಲಿ 12-36ರ ಹೊತ್ತಿಗೆ. ಇದನ್ನು ನಾನು ಮೊದಲೇ ಹೇಳಲಿಲ್ಲ. ಹನ್ನೆರಡರಿಂದ ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಿದಾಗ ನೆರಳು ಇನ್ನೂ ಕಿರಿದಾಗುತ್ತಲೇ ಇದ್ದುದನ್ನು ಕಂಡು ಅವರೇ ಕಾರಣ ಹುಡುಕಿದರು. ದೆಹಲಿಯ ನೆರಳು 54 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎರಡರ ಕೋನಗಳ ವ್ಯತ್ಯಾಸ 12 ಡಿಗ್ರಿ, ಅಂದರೆ ವೃತ್ತದ 30ನೇ ಒಂದು ಪಾಲು. ಎರಡೂ ಊರುಗಳ ದಕ್ಷಿಣೋತ್ತರ ಅಂತರ ಸುಮಾರು 1,340 ಕಿಲೋಮೀಟರ್. 30ರಿಂದ ಗುಣಿಸಿದರೆ 40 ಸಾವಿರ ಕಿಲೋಮೀಟರಿನ ಆಸುಪಾಸು.

ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು. ಆದರೆ ಆ ಅಂತರ ಎಲ್ಲಿಂದ ಬಂತು ಎಂದು ಕೇಳಿದೆ. ಒಂದು ಗುಂಪು ರಸ್ತೆಯ ದೂರ ಹಾಕಿತ್ತು. ರಸ್ತೆ ಡೊಂಕು, ಅದು ನಡೆಯದು. ಇನ್ನೊಂದು ಗುಂಪು ನೆಟ್ಟಿನಿಂದ ‘ಒಂದು ಡಿಗ್ರಿಗೆ 111 ಕಿಲೋಮೀಟರ್’ ಎಂಬುದನ್ನು ತೆಗೆದು 12ರಿಂದ ಗುಣಿಸಿತ್ತು. ಈ 111 ಬಂದದ್ದೇ ಭೂಮಿಯ ಸುತ್ತಳತೆಯನ್ನು 360ರಿಂದ ಭಾಗಿಸಿ! ಉತ್ತರವನ್ನೇ ಪ್ರಶ್ನೆಯೊಳಗೆ ಬಚ್ಚಿಟ್ಟು ಆಮೇಲೆ ಹೊರತೆಗೆದಂತೆ. ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟ ಮೂರನೆಯ ಗುಂಪು ಗೆದ್ದಿತು ಎಂದುಕೊಳ್ಳುವಷ್ಟರಲ್ಲಿ, ‘ನಕಾಶೆ ಮಾಡಿದವ್ರೂ ಅದನ್ನ ಹೆಂಗ ಅಳದ್ರು?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು. ಅಲ್ಲಿಂದ ಲ್ಯಾಂಬ್ಟನ್ನನ ಕಥೆಗೆ ಹೋದೆವು. 1802ರಲ್ಲಿ ಮದರಾಸಿನ ಬಳಿ ನೆಲದ ಮೇಲೆ ಸರಪಳಿ ಎಳೆದು, ತ್ರಿಕೋನದ ಮೇಲೆ ತ್ರಿಕೋನ ಕೂಡಿಸುತ್ತ ಇಡೀ ದೇಶವನ್ನು ಅಳೆಯಲು ಹೊರಟ ಕಥೆ. ಆ ಬೆಂಚಿನ ಹುಡುಗ ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ.

(ಪಾಲಕರಿಗೊಂದು ಸೂಚನೆ: ನಮ್ಮ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಮೇ ಮೊದಲ ವಾರದಲ್ಲೊಂದು, ಆಗಸ್ಟ್ ಎರಡನೆಯ ವಾರದ ಆಸುಪಾಸಿಗೆ ಇನ್ನೊಂದು. ಮೊದಲನೆಯದು ಬೇಸಿಗೆ ರಜೆಯಲ್ಲಿ ಬರುತ್ತದೆ, ಎರಡನೆಯದಕ್ಕೆ ಮೋಡ ಅಡ್ಡ. ರಜೆಯಲ್ಲಿ ಮನೆಯಂಗಳದಲ್ಲೇ ನೋಡಬಹುದು, ಖರ್ಚಿಲ್ಲ.)

ಮುಧೋಳ ಕವಿಚಕ್ರವರ್ತಿ ರನ್ನನ ಊರು. ಆದರೆ ಇಂದು ಊರಿನ ಹೆಸರು ಹೇಳಿದರೆ ಹೊರಗಿನವರು ಮೊದಲು ಕೇಳುವುದು ನಾಯಿಯನ್ನು. ಉದ್ದ ಮೂತಿ, ಸಣ್ಣ ನಡು, ಬಾಣದಂಥ ಓಟ. ಊರ ಹೊರಗೆ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ನಾಯಿಯ ಬಗ್ಗೆ ನೆಟ್ಟಿನಲ್ಲಿ ನೂರಾರು ಪುಟಗಳಿವೆ, ಒಂದು ಇನ್ನೊಂದರಿಂದ ಎತ್ತಿ ಬರೆದವು. ಮಕ್ಕಳಿಗೆ ಕೊಟ್ಟ ಕೆಲಸ, ಪ್ರತಿಯೊಂದು ಮಾತಿನ ಎದುರು ‘ಆಧಾರವಿದೆ’, ‘ಸಾಧ್ಯ’, ‘ಸಾಲದು’ ಎಂಬ ಮೂರರಲ್ಲಿ ಒಂದನ್ನು ಬರೆಯುವುದು. ಅಂಚೆ ಇಲಾಖೆ 2005ರ ಜನವರಿ 9ರಂದು ಮುಧೋಳ ನಾಯಿಯ ಅಂಚೆಚೀಟಿ ಹೊರಡಿಸಿತು: ಚೀಟಿಯೇ ಕಣ್ಣೆದುರಿಗಿದೆ, ಆಧಾರವಿದೆ. ಅರಸ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನಲ್ಲಿ ದೊರೆ ಐದನೇ ಜಾರ್ಜನಿಗೆ ಜೋಡಿ ನಾಯಿ ಕೊಟ್ಟರು: ಯಾವ ವರ್ಷ? ಜಾರ್ಜ್ ಪಟ್ಟದಲ್ಲಿದ್ದದ್ದು 1910ರಿಂದ 1936ರ ಜನವರಿಯವರೆಗೆ. ಪುಟದಲ್ಲಿ ಕೊಟ್ಟ ವರ್ಷ ಅದರೊಳಗೆ ಬೀಳುತ್ತದೆಯೇ ನೋಡಿ. ಶಿವಾಜಿಯ ಸೈನ್ಯದಲ್ಲಿ ಈ ನಾಯಿಗಳಿದ್ದವು ಎಂಬ ಮಾತು ಬಹಳ ಕಡೆ ಇದೆ. ಆದರೆ ಮುಧೋಳದ ಬಾಜಿ ಘೋರ್ಪಡೆ ವಿಜಾಪುರದ ಆದಿಲ್‌ಶಾಹಿಯ ಸರದಾರ. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದವನು. ಅಷ್ಟರಿಂದ ಆ ಮಾತು ಸುಳ್ಳಾಗುವುದಿಲ್ಲ, ನಾಯಿಗೆ ಸರಹದ್ದಿಲ್ಲ. ಆದರೆ ಸುಲಭವಾಗಿ ನಂಬುವಂತೆಯೂ ಇಲ್ಲ. ಊರ ಹೆಮ್ಮೆಯ ವಿಷಯದಲ್ಲಿ ‘ಸಾಲದು’ ಎಂದು ಬರೆಯಲು ಮುಧೋಳದ ಮಕ್ಕಳಿಗೆ ಕೈ ಬರಲಿಲ್ಲ. ಬಹಳ ಹೊತ್ತು ಜಗಳವಾಡಿ ‘ಸಾಧ್ಯ’ ಎಂದು ಬರೆದರು. ಅದೂ ಒಂದು ತೀರ್ಮಾನವೇ.

ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯಲ್ಲಿ ನೆಲದ ಬಣ್ಣ ಬದಲಾಗುತ್ತದೆ, ಮುಂದೆ ದಿಗಂತದಲ್ಲಿ ನೀರು ಮಿನುಗುತ್ತದೆ. ಹೊಸಬರು ಕೆರೆಯೆಂದುಕೊಳ್ಳುತ್ತಾರೆ, ಅದು ಆಲಮಟ್ಟಿ ಜಲಾಶಯದ ಹಿನ್ನೀರು. ಅದಕ್ಕಾಗಿ ಹೊಲ, ಮನೆ, ಗುಡಿ ಬಿಟ್ಟು ‘ಪುನರ್ವಸತಿ ಕೇಂದ್ರ’ ಎಂಬ ಹೆಸರಿನ ಹೊಸ ಊರುಗಳಿಗೆ ಹೋದವರ ಮೊಮ್ಮಕ್ಕಳು ಇಂದು ನಮ್ಮ ತರಗತಿಗಳಲ್ಲಿದ್ದಾರೆ. ಹಿನ್ನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ, ನೋಡಲು ಚೆಂದ. ಹಕ್ಕಿ ಎಣಿಸಿ ‘ಇ-ಬರ್ಡ್’ ತಾಣಕ್ಕೆ ಕಳುಹಿಸುವುದೂ ಒಳ್ಳೆಯ ಕೆಲಸವೇ. ಆದರೆ ಇಲ್ಲಿ ಮಕ್ಕಳು ತಾವಾಗಿ ತಂದ ಪ್ರಶ್ನೆ ಹಕ್ಕಿಯದಲ್ಲ.

ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಕೊಟ್ಟ ತೀರ್ಪು ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ನಡುವಿನ ಅಂತರ 4.656 ಮೀಟರ್, ಸುಮಾರು 15 ಅಡಿ. ಮನೆಯಲ್ಲಿ ಹಿರಿಯರು ಇದೇ ಮಾತಾಡುತ್ತಾರೆ: ಹೊಲಕ್ಕೆ ಬಾವಿ ತೋಡಿಸುವುದೋ ಬೇಡವೋ, ಮನೆಗೆ ಮೇಲಂತಸ್ತು ಏರಿಸುವುದೋ ಬೇಡವೋ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗೂಗಲ್ ಅರ್ಥ್‌ನಲ್ಲಿ ತನ್ನ ಮನೆಯ ಮಾಳಿಗೆಯನ್ನು ಹುಡುಕಿ, ಕೆಳಗೆ ತೋರಿಸಿದ ಎತ್ತರದ ಅಂಕಿಯನ್ನು ಬರೆದುಕೊಂಡು ಬಂದಿದ್ದ. 523 ಮೀಟರ್. ‘ಸರ್, ನಮ್ಮ ಮನಿ ಮುಳಗತೈತೇನ್ರಿ?’

ಇದಕ್ಕೆ ಹೌದು ಎಂದೋ ಅಲ್ಲ ಎಂದೋ ಹೇಳುವ ಅಧಿಕಾರ ನನಗಿರಲಿಲ್ಲ. ‘ಈ 523 ಯಾರು ಅಳದದ್ದು, ಹೆಂಗ ಅಳದದ್ದು? ಅದನ್ನ ನೋಡೋಣ ಬಾ’ ಎಂದೆ. ಅದೇ ಮೂರು ವಾರಗಳ ಪ್ರಾಜೆಕ್ಟಾಯಿತು.

ಇಂಥ ಉಚಿತ ಎತ್ತರದ ನಕಾಶೆಗಳಿಗೆ ಮುಖ್ಯ ಆಧಾರಗಳಲ್ಲೊಂದು 2000ದ ಫೆಬ್ರುವರಿಯಲ್ಲಿ ‘ಎಂಡೆವರ್’ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತುತ್ತ ರೇಡಾರ್‌ನಿಂದ ಮಾಡಿದ ಅಳತೆ. ಅದು ನೆಲವನ್ನು ಸುಮಾರು 30 ಮೀಟರ್ ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದೊಂದು ಎತ್ತರ ಕೊಡುತ್ತದೆ. ಒಂದು ಚೌಕದಲ್ಲಿ ಹುಡುಗನ ಮನೆ, ದನದ ಕೊಟ್ಟಿಗೆ, ಬೇವಿನ ಮರ ಎಲ್ಲ ಸೇರಿಹೋಗುತ್ತವೆ. ರೇಡಾರ್ ಕಾಣುವುದು ಮಾಳಿಗೆಯನ್ನು, ಮರದ ತಲೆಯನ್ನು. ನಿಂತ ಕಬ್ಬಿದ್ದರೆ ಕಬ್ಬಿನ ಎತ್ತರವೂ ಬೆರೆಯುತ್ತದೆ. ಆ ಅಳತೆಗೆ ಯೋಜನೆಯವರು ಹಾಕಿಕೊಂಡ ನಿಖರತೆಯ ಗುರಿಯೇ 16 ಮೀಟರ್. ಬಯಲುನೆಲದಲ್ಲಿ ಅದಕ್ಕಿಂತ ಚೆನ್ನಾಗಿ ಬಂದಿದೆ, ಆದರೂ ಕೆಲವು ಮೀಟರ್‌ಗಳ ಹೆಚ್ಚುಕಡಿಮೆ ಇದ್ದೇ ಇದೆ. ನಮ್ಮ ಪ್ರಶ್ನೆಯೇ ನಾಲ್ಕೂವರೆ ಮೀಟರಿನದು. ಧಾನ್ಯ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ. ಹುಡುಗ ತಾನೇ ಪರೀಕ್ಷೆ ಮಾಡಿದ: ಒಂದೇ ಅಂಗಳದ ನಾಲ್ಕು ಮೂಲೆಗಳ ಎತ್ತರವನ್ನು ಪರದೆಯ ಮೇಲೆ ಓದಿ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ, ಗೌಂಡಿಗಳು ಮಟ್ಟ ನೋಡುವ ಹಾಗೆ, ಅದೇ ಮೂಲೆಗಳನ್ನು ಅಳೆದು ಎರಡನ್ನೂ ಹೋಲಿಸಿದ. ಹೊಂದಲಿಲ್ಲ.

ಇನ್ನೊಂದು ಗುಂಪು ಉಪಗ್ರಹದ ಹಳೆಯ ಚಿತ್ರಗಳನ್ನು ನೋಡಿತು. 1984ರಿಂದ ಈಚೆಗೆ ವರ್ಷ ವರ್ಷದ ಚಿತ್ರಗಳನ್ನು ಸಿನಿಮಾದಂತೆ ಓಡಿಸಿ ತೋರಿಸುವ ತಾಣವಿದೆ. 2000ದ ನಂತರ ನೀಲಿ ಬಣ್ಣ ನದಿಯ ಗೆರೆಯಿಂದ ಉಕ್ಕಿ ಹೊಲಗಳಿಗೆ ಹರಡುವುದನ್ನು ನೋಡುವಾಗ ತರಗತಿ ಮೌನವಾಯಿತು. ಆದರೆ ಅಲ್ಲೂ ಒಂದು ಎಚ್ಚರಿಕೆ ಬೇಕು: ಮೇ ತಿಂಗಳ ಚಿತ್ರವನ್ನು ಅಕ್ಟೋಬರ್ ತಿಂಗಳ ಚಿತ್ರಕ್ಕೆ ಹೋಲಿಸಿದರೆ ಒಂದೇ ವರ್ಷದಲ್ಲಿ ಊರು ಮುಳುಗಿದಂತೆಯೂ ಎದ್ದಂತೆಯೂ ಕಾಣುತ್ತದೆ. ಜೊತೆಗೆ, ಹಿನ್ನೀರು ಬಟ್ಟಲಿನ ನೀರಿನಂತೆ ಸಪಾಟಾಗಿರುವುದಿಲ್ಲ. ಮಹಾಪೂರದ ದಿನಗಳಲ್ಲಿ ಅಣೆಕಟ್ಟಿನಿಂದ ಮೇಲಕ್ಕೆ ಹೋದಂತೆ ನೀರಿನ ಮಟ್ಟ ಏರುತ್ತ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ದಂಡೆಯ ಊರುಗಳಿಗೆ ಅದು ಗೊತ್ತಾಗಿದೆ.

ಹಾಗಾದರೆ ನಂಬತಕ್ಕ ಅಳತೆ ಎಲ್ಲಿದೆ? ಸರ್ವೇಕ್ಷಣ ಇಲಾಖೆಯ ಮಟ್ಟದ ಕಲ್ಲುಗಳಲ್ಲಿದೆ, ಭೂಸ್ವಾಧೀನ ಕಚೇರಿಯ ದಾಖಲೆಗಳಲ್ಲಿದೆ. ಮಕ್ಕಳು ತಂದೆಯರ ಕೈಯಲ್ಲಿ ಅರ್ಜಿ ಬರೆಯಿಸಿದರು. ಒಬ್ಬ ತಂದೆ ನನ್ನನ್ನು ಬೀಳಗಿಯ ಸಂತೆಯಲ್ಲಿ ನಿಲ್ಲಿಸಿ ಕೇಳಿದರು: ‘ಮಾಸ್ತರ, ನಾ ಆ ಮೊಬೈಲ್ ನಂಬರ ನಂಬಿ ಬಾವಿ ಕೆಲಸ ನಿಂದರಿಸಿದ್ದೆ. ಹುಡಗ ಅದು ಖರೇ ಅಲ್ಲ ಅಂತಾನ. ಹೌದೇನ್ರಿ?’ ‘ಖರೇ ಅಲ್ಲ ಅಂತಲ್ಲ ಯಜಮಾನರ, ಇಷ್ಟು ಸಣ್ಣ ಲೆಕ್ಕಕ್ಕ ಅದು ಸಾಲೂದಿಲ್ಲ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಚೇರಿಗೆ ಯಾವ ದಿನ ಹೋದರೆ ಸಾಹೇಬರು ಸಿಗುತ್ತಾರೆ ಎಂದು ವಿಚಾರಿಸಿದರು.

ಪ್ರಾಜೆಕ್ಟಿನ ಕಡತ ಹನ್ನೊಂದು ಪುಟದ್ದು, ಬಣ್ಣದ ಚಿತ್ರ ಒಂದೂ ಇಲ್ಲ. ಕೊನೆಯ ಪುಟದಲ್ಲಿ ಹುಡುಗ 2019ರ ನೀರು ಅವರ ಓಣಿಯ ಗೋಡೆಗಳ ಮೇಲೆ ಬಿಟ್ಟುಹೋದ ಕಂದು ಗೆರೆಯ ಎತ್ತರವನ್ನು ಟೇಪಿನಿಂದ ಅಳೆದು, ಮನೆ ಮನೆಗೂ ಒಂದೊಂದು ಸಾಲು ಬರೆದಿದ್ದಾನೆ. ಅವರ ಮನೆಯ ಗೋಡೆಗೆ ಸುಣ್ಣ ಹೊಡೆದಿದ್ದರಿಂದ ಆ ಒಂದು ಸಾಲು ಖಾಲಿ ಇದೆ. ಎದುರಿಗೆ ‘ಅಜ್ಜಿಯನ್ನು ಕೇಳಬೇಕು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ.